ಬಸ್ಸಿನೊಳಗೊಂದು ಸಲಾಮಿ ಶಸ್ತ್ರ

ಸ್ನೇಹಿತರೇ, ಇಂದು ಬೆಳಿಗ್ಗೆ ಭದ್ರಾವತಿಯಲ್ಲಿ ಸರ್ಕಾರಿ ಬಸ್ಸು ಹತ್ತುತ್ತಿದ್ದಂತೆ ಕಂಡಕ್ಟರ್ ನನ್ನನ್ನು ತಡೆದರು.

"ಗನ್ ಹಿಡ್ಕೊಂಡು ಎಲ್ಲಿಗಮ್ಮ? ಇಳಿ, ಇಳಿ!"

ಅದು ಕವಾಯತಿನ ಅಭ್ಯಾಸಕ್ಕೆಂದು ಅಪ್ಪ ಮಾಡಿಸಿಕೊಟ್ಟ ಮರದ ಬಂದೂಕು. ತರಗತಿಗೇ ಪ್ರಥಮಳಾದ ನಾನು, ಎನ್‌ಸಿಸಿಯ ಗೌರವ ವಂದನೆ ತುಕಡಿಗೆ ನಾಯಕಿಯನ್ನು ಆರಿಸುವ ಸ್ಪರ್ಧೆಗಾಗಿ ಶಿವಮೊಗ್ಗಕ್ಕೆ ಹೊರಟಿದ್ದೆ. ಬಸ್ಸು ತಪ್ಪಿದ್ದರೆ ಆ ಅವಕಾಶವೂ ತಪ್ಪುತ್ತಿತ್ತು.

"ಮರದ್ದು ಸರ್."

"ಆದ್ರೂ ಜನ ಹೆದರ್ತಾರಮ್ಮ."

ನಾನು ನೆಟ್ಟಗೆ ನಿಂತು ಬಂದೂಕನ್ನು ಎದೆಯ ಮುಂದೆ ಲಂಬವಾಗಿ ಹಿಡಿದೆ.

"ಇದಕ್ಕೆ ಸಲಾಮಿ ಶಸ್ತ್ರ ಅಂತಾರೆ ಸರ್. ಹಿಂದೆ ಸೈನಿಕರು ಆಯುಧಾನ ಹೀಗೆ ಮುಂದೆ ಚಾಚಿ, 'ಇದನ್ನ ನಿಮ್ಮ ಮೇಲೆ ಎತ್ತಲ್ಲ, ಬೇಕಾದ್ರೆ ನೀವೇ ತಗೊಳ್ಳಿ' ಅಂತ ತೋರಿಸ್ತಿದ್ರಂತೆ. ಅದೇ ಮುಂದೆ ಗೌರವದ ವಂದನೆ ಆಯ್ತು."

ಮುಂದಿನ ಸೀಟಿನ ಅಜ್ಜಿ ನಕ್ಕರು. "ಇಷ್ಟು ವರ್ಷದಲ್ಲಿ ಯಾರಾದ್ರೂ ನಿಂಗೆ ಸಲ್ಯೂಟ್ ಹೊಡ್ದಿದ್ರಾ ಮಾರಾಯ? ಕೂತ್ಕೊಳ್ಳಲಿ ಬಿಡು!"

ಕಂಡಕ್ಟರ್ ಕಾಲರ್ ಸರಿಪಡಿಸಿಕೊಂಡು ಗಂಭೀರವಾಗಿ ಮರುಸಲಾಮು ಹೊಡೆದರು. ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದ್ದರಿಂದ ನನ್ನಿಂದ ಹಣ ಕೇಳಲಿಲ್ಲ. ಬಂದೂಕಿಗೆ ಮಾತ್ರ ಲಗೇಜ್ ಟಿಕೆಟ್ ಕೊಟ್ಟರು.

ಸಂಜೆ ಊರಿಗೆ ಮರಳುವಾಗ ನಾನು ತುಕಡಿಯ ನಾಯಕಿ. ಬಂದೂಕಿಗೆ ಮತ್ತೆ ಟಿಕೆಟ್ ಬಿತ್ತು. ಈ ಸಲವಾದರೂ ಅದಕ್ಕೊಂದು ಸೀಟು ಕೇಳಬೇಕಿತ್ತು.