ಹಗೇವು ಮರೆತ ನಡುವಿನಮನಿ ಸರ್

ನಡುವಿನಮನಿ ಸರ್ ಯಾರ ಮನೆಗೆ ಹೋದರೂ ಪಡಸಾಲೆಯಲ್ಲಿ ಕೂಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಸೀದಾ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತು, "ಯವ್ವಾ, ಜ್ವಾಳ ಎಲ್ಲಿ ಇಡ್ತೀರಿ?" ಎಂದು ಕೇಳುತ್ತಿದ್ದರು. ಹೆಸರು, ಊರು, ಕ್ಷೇಮಸಮಾಚಾರ ಎಲ್ಲ ಆಮೇಲೆ. ಒಮ್ಮೆ ಮುದ್ದೇಬಿಹಾಳದಲ್ಲಿ ನನ್ನ ಗೆಳತಿಯ ನಿಶ್ಚಯಕ್ಕೆ ಬಂದವರು ಅಲ್ಲಿಯೂ ಇದನ್ನೇ ಕೇಳಿದರು. ಗಂಡಿನ ಕಡೆಯವರು ಇವರನ್ನು ರೇಶನ್ ತಪಾಸಣೆಗೆ ಬಂದ ಸಾಹೇಬರೆಂದು ತಿಳಿದು ಊಟ ಮುಗಿಯುವವರೆಗೂ ಬಾಯಿ ಬಿಡಲಿಲ್ಲ.

ಅವರು ವಿಶ್ವವಿದ್ಯಾಲಯದಲ್ಲಿ ನಮಗೆ ನಗರ ಮತ್ತು ಗ್ರಾಮ ಯೋಜನೆ ಕಲಿಸುತ್ತಿದ್ದರು. ಇಂಡಿ ತಾಲೂಕಿನ ಝಳಕಿಯವರು, ಬೌದ್ಧ ಮನೆತನ. ತಾಯಿ ಕೂಲಿ ಮಾಡಿ ಓದಿಸಿದ್ದರು. ಓದು ಮುಗಿದ ಮೇಲೆ ಕೆಲವು ವರ್ಷ ಊರುಗಳ ನಕ್ಷೆ ತೆಗೆಯುವ ನೌಕರಿಯಲ್ಲಿದ್ದು, ಅದನ್ನು ಬಿಟ್ಟು ಮಾಸ್ತರಿಕೆಗೆ ಬಂದಿದ್ದರು. ಯಾಕೆ ಬಿಟ್ಟಿರಿ ಎಂದರೆ, "ಕೈ ನಡಗಾಕತ್ತಿತ್ತವಾ" ಎಂದು ಮಾತು ಮುಗಿಸುತ್ತಿದ್ದರು. ಉಳಿದವರು ರಸ್ತೆ, ಚರಂಡಿಗಳಿಂದ ಪಾಠ ಶುರು ಮಾಡಿದರೆ ಇವರು ರೊಟ್ಟಿಯಿಂದ ಶುರು ಮಾಡುತ್ತಿದ್ದರು. ಊರು ಏನು ತಿನ್ನುತ್ತದೆ, ಅದು ಎಲ್ಲಿಂದ ಬರುತ್ತದೆ, ಯಾರ ತಲೆಯ ಮೇಲೆ ಬರುತ್ತದೆ ಎಂಬುದು ತಿಳಿಯದವನು ಸ್ಕೇಲು ಮುಟ್ಟಬಾರದು ಎಂಬುದು ಅವರ ಹಟ.

ಸಿಂದಗಿ ಸಂತೆಗೆ ಪುಂಡಿಪಲ್ಯದ ಸೊಪ್ಪನ್ನು ಬುಟ್ಟಿಯಲ್ಲಿ ಹೊತ್ತು ತರುವ ಹೆಂಗಸರ ಹಿಂದೆ ನಮ್ಮನ್ನು ಕಳಿಸಿದ್ದು ನೆನಪಿದೆ. ನಾನು ಒಬ್ಬಾಕೆಯ ಹಿಂದೆ ಹೊಲದಿಂದ ಸಂತೆಯವರೆಗೆ ನಡೆದು, ದಾರಿ, ದೂರ, ವೇಳೆ ಎಲ್ಲ ಬರೆದು ತಂದು ಜಂಬದಿಂದ ಮುಂದಿಟ್ಟೆ. ಸರ್ ಎಲ್ಲವನ್ನೂ ಓದಿ, "ಆಕಿ ನೀರ ಎಲ್ಲಿ ಕುಡದ್ಲು?" ಎಂದರು. ನಾನು ನೋಡಿರಲಿಲ್ಲ. "ಹಂಗಾರ ನೀ ಬುಟ್ಟಿ ಹಿಂದ ಹೋಗೀದಿ, ಆಕಿ ಹಿಂದ ಹೋಗಿಲ್ಲ. ನಾಳೆ ಮತ್ತ ಹೋಗು" ಎಂದು ವಹಿ ತಿರುಗಿ ಕೊಟ್ಟರು. ನನಗೆ ಅಳು ಬಂದಿತ್ತು. ಮರುದಿನ ಹೋದೆ. ಆಕೆ ಹಾದಿಯಲ್ಲಿ ಎಲ್ಲಿಯೂ ನೀರು ಕುಡಿಯಲಿಲ್ಲ. ಕುಡಿದರೆ ಸಂತೆಯಲ್ಲಿ ಕಾಲ್ಮಡಿಯಲು ಹೆಂಗಸರಿಗೆ ಜಾಗ ಇರಲಿಲ್ಲ.

ತರಗತಿಯಲ್ಲಿ ಅವರು ಪ್ರತಿ ವರ್ಷ ಒಂದು ಕತೆ ಹೇಳುತ್ತಿದ್ದರು. "ಒಬ್ಬ ಶಾಣ್ಯಾ ಇದ್ದ. ಒಂದು ಊರ ಎತ್ತಿ ಬ್ಯಾರೆ ಕಡೆ ಇಟ್ಟ. ಮನಿ ಇಟ್ಟ, ಗುಡಿ ಇಟ್ಟ, ಸಾಲಿ ಇಟ್ಟ. ಕಾಳ ಇಡೂದು ಮರ್ತ." ಎಲ್ಲರೂ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ, ಯಾಕೆಂದರೆ ನಾನು ಅಂಥದೇ ಊರಿನವಳು.

ಬಸವನ ಬಾಗೇವಾಡಿ ತಾಲೂಕಿನ ನಮ್ಮ ಹಳೆಯ ಊರು ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ಆಗ ನಾನು ಚಿಕ್ಕವಳು. ಅಲ್ಲಿ ನಮ್ಮ ಮನೆಯ ಮುಂದೆ ಹಗೇವು ಇತ್ತು. ಮನುಷ್ಯ ಇಳಿಯುವಷ್ಟು ಆಳದ ಕಾಳಿನ ಕುಣಿ ಅದು. ಸುತ್ತ ಕಣಿಕೆ, ಅಂದರೆ ಜೋಳದ ಒಣದಂಟು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮೆತ್ತಿದರೆ ವರ್ಷಗಟ್ಟಲೆ ಹುಳ ಹತ್ತುತ್ತಿರಲಿಲ್ಲ. ಹೊಸ ಊರನ್ನು ಎತ್ತರದ ಕಲ್ಲುನೆಲದ ಮೇಲೆ ಕಟ್ಟಿದರು. ಮನೆಯ ಪಾಯಕ್ಕೆ ಒಳ್ಳೆಯ ನೆಲ. ಆದರೆ ಅಲ್ಲಿ ಒಂದು ಮೊಳ ಅಗೆಯಲು ಬರುವುದಿಲ್ಲ. ಜೋಳ ಚೀಲದಲ್ಲಿ ಉಳಿದು ನುಸಿ ಹತ್ತಿತು. ಸುಗ್ಗಿಯಲ್ಲಿ ಎಲ್ಲವನ್ನೂ ಮಾರಿ, ಮಳೆಗಾಲದಲ್ಲಿ ಕೊಂಡು ತಿನ್ನುವವರಾದೆವು. ಕೈಚೀಲ ಹಿಡಿದು ಅಂಗಡಿಗೆ ಜೋಳ ತರಲು ಹೋಗುವುದು ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಸಾವಿಗಿಂತ ಕಡೆಯಾಗಿತ್ತು. ನಕ್ಷೆ ತೆಗೆದವನನ್ನು ಆಕೆ ದಿನಾ ರೊಟ್ಟಿ ಬಡಿಯುವಾಗ ಬೈಯುತ್ತಿದ್ದಳು.

ಓದಿನ ಕೊನೆಯ ವರ್ಷ ಸಮೀಕ್ಷೆಗೆ ನಮ್ಮ ಊರ ಕಡೆ ಬಂದಾಗ ಸರ್ ಅವರನ್ನು ನಮ್ಮ ಮನೆಗೆ ಊಟಕ್ಕೆ ಕರೆದೆ. ಅವರು ಬರಲು ಹಿಂದೆಮುಂದೆ ನೋಡಿದ್ದು ನನಗೆ ಆಗ ಅರ್ಥವಾಗಲಿಲ್ಲ. ಬಂದವರು ಎಂದಿನಂತೆ ಅಡಿಗೆಮನೆಯ ಬಾಗಿಲಿಗೆ ನಿಂತು ಅದೇ ಪ್ರಶ್ನೆ ಕೇಳಿದರು. ಆಯಿಗೆ ಅಷ್ಟೇ ಬೇಕಾಗಿತ್ತು.

"ಎಲ್ಲಿ ಇಡೂನ್ರಿ ಸಾಹೇಬ್ರ? ನಮ್ಮೂರ ನಕ್ಷಾ ತಗದಾಂವ ಯಾವ ಮನಿಯಾಂವೋ, ಅಂವಗ ಹೊಟ್ಟಿ ಇತ್ತೋ ಇಲ್ಲೋ" ಎಂದು ಶುರು ಮಾಡಿದಳು. ನಾನು ತಡೆಯಲು ಹೋದೆ. ಸರ್ ಕೈ ಅಡ್ಡ ಹಿಡಿದರು. ಆಕೆ ಬೈದು ಮುಗಿಸುವವರೆಗೆ ಕಾದು, "ಆಯಿ, ಆ ನಕ್ಷಾ ತಗದಾಂವ ನಾನರಿ" ಎಂದರು.

ಆಯಿಯ ಕೈ ಹಿಟ್ಟಿನ ಮೇಲೆ ನಿಂತಿತು. "ನಿಮಗ ಹಗೇವ ಗೊತ್ತಿರಲಿಲ್ಲೇನ್ರಿ?"

"ನೋಡಿದ್ನಿರಿ. ಮಂದಿ ಮನಿ ಮುಂದ ನೋಡಿದ್ನಿ. ನಮ್ಮ ಮನಿಯಾಗ ಇರಲಿಲ್ಲ. ನಮ್ಮವ್ವ ಕೂಲಿ ಮಾಡಿ ಉಡ್ಯಾಗ ಜ್ವಾಳ ತರ್ತಿದ್ಲು. ಸಂಜಿಕ ಬೀಸಿ ಅವತ್ತ ತಿಂದು ಮುಗಸ್ತಿದ್ವಿ. ಇಡಾಕ ಒಂದು ಜಾಗಾ ಬೇಕಾಗ್ತೈತಿ ಅನ್ನೂದು ನನ್ನ ತಲ್ಯಾಗ ಬರಲೇ ಇಲ್ಲರಿ. ಅರ್ಧ ಮೈಲಿ ಆಚೆ ಅಗಿಯಾಕ ಬರೂ ಗರಸಿನ ನೆಲ ಇತ್ತು. ಮನಿ ಗಟ್ಟಿ ನಿಲ್ಲಲಿ ಅಂತ ನಾನ ಕಲ್ಲಿನ ಮ್ಯಾಲ ಗೆರಿ ಎಳದ್ನಿ."

ನನಗೆ ಸಿಟ್ಟು ಬಂತು. ಎರಡು ವರ್ಷ ನನ್ನ ಮುಂದೆ ಇದನ್ನು ಬೇರೆ ಯಾರದೋ ಕತೆಯ ಹಾಗೆ ಹೇಳಿದ್ದರಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಇಷ್ಟು ಪ್ರೀತಿಸುವ ಮನುಷ್ಯನನ್ನು ಇಷ್ಟು ವರ್ಷ ನಮ್ಮ ಮನೆಯಲ್ಲಿ ಶಪಿಸಿದ್ದೆವಲ್ಲ ಎಂದು ಸಂಕಟವಾಯಿತು.

ಆಯಿ ಹೆಂಚಿನ ಮೇಲಿನ ರೊಟ್ಟಿ ತೆಗೆದು ಅವರ ತಾಟಿಗೆ ಹಾಕಿದಳು. "ಖರೇ ಹೇಳಿದ್ರಿ, ಚಲೋ ಆತು. ಆದ್ರ ನಾ ಬೈಯೂದು ಬಿಡಾಂಗಿಲ್ರಿ."

"ಬೈರಿ. ಬೈಸ್ಕೊಳ್ಳಾಕ ಬಂದೇನಿ."

ಆಯಿ ನುಡಿದಂತೆ ನಡೆದಳು. ಮೊದಲು ಹೆಸರಿಲ್ಲದವನನ್ನು ಬೈಯುತ್ತಿದ್ದವಳು ಆಮೇಲೆ ನಡುವಿನಮನಿ ಸಾಹೇಬರನ್ನು 'ರಿ' ಹಚ್ಚಿ ಬೈಯತೊಡಗಿದಳು. ಸಾಯುವವರೆಗೂ ಕ್ಷಮಿಸಲಿಲ್ಲ. ಸರ್ ಬಾಗೇವಾಡಿ ಕಡೆ ಬಂದಾಗಲೆಲ್ಲ ತಪ್ಪದೆ ಬಂದು ಬೈಸಿಕೊಂಡು, ಉಂಡು ಹೋಗುತ್ತಿದ್ದರು. ತರಗತಿಯಲ್ಲಿ ಆ ಕತೆಯನ್ನು ಮತ್ತೆ ಹೇಳಿದಾಗ ಶಾಣ್ಯಾನ ಜಾಗದಲ್ಲಿ "ನಾನು" ಬಂದಿತ್ತು. ಯಾರೂ ನಗಲಿಲ್ಲ.

ಈಗ ನಾನೂ ನಕ್ಷೆ ತೆಗೆಯುವವಳು. ಮತ್ತೊಂದು ಊರನ್ನು ಎತ್ತಿ ಬೇರೆ ಕಡೆ ಇಡಬೇಕಾಗಿ ಬಂದಾಗ ಅದರ ಹೊಸ ಬಡಾವಣೆಯ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಸೈಟಿನ ಹಿಂದೆ ಕಲ್ಲಿನ ಕಾಳುಕೋಣೆ ಹಾಕಿ, ಅದನ್ನು ತೋರಿಸಲೆಂದೇ ಝಳಕಿಗೆ ಹೋದೆ. ಸರ್ ನಿವೃತ್ತರಾಗಿ ತಂಗಿಯ ಮನೆಯಲ್ಲಿದ್ದರು. ಕಾಯಿಲೆಯಿಂದ ಸೊರಗಿ ಅರ್ಧವಾಗಿದ್ದರು. ನಕ್ಷೆಯನ್ನು ಹಾಸಿಗೆಯ ಮೇಲೆ ಹರವಿಸಿಕೊಂಡು ಭೂತಗನ್ನಡಿಯಿಂದ ಮನೆಮನೆ ನೋಡಿದರು. ಶಾಬಾಸ್ ಎನ್ನುತ್ತಾರೆಂದು ಕಾಯುತ್ತಿದ್ದೆ.

"ಚಲೋ ಮಾಡೀದಿ ತಂಗಿ. ಆದ್ರ ಇದ್ರಾಗ ನಮ್ಮವ್ವ ಎಲ್ಲಿ ಅದಾಳ?"

ಅವರ ಬೆರಳು ಊರ ತುದಿಯ ಸಣ್ಣ ಸೈಟುಗಳ ಮೇಲಿತ್ತು. ಅಲ್ಲಿ ಕಾಳುಕೋಣೆ ಇರಲಿಲ್ಲ. "ಅವು ಹೊಲ ಇಲ್ಲದವರ ಸೈಟು ಸರ್, ಅವರಿಗೆ ಕಾಳು ಇಡೂ ಪ್ರಶ್ನೇನ..." ಎನ್ನುತ್ತ ನನ್ನ ಮಾತು ನನಗೇ ಕೇಳಿಸಿ ನಿಂತುಹೋಯಿತು.

ಅವರು ಗದರಲಿಲ್ಲ. "ನಾ ಮನ್ಯಾಗ ಹಗೇವ ಇಲ್ಲದ್ದಕ್ಕ ಮರ್ತೆ, ನೀ ಇದ್ದದ್ದಕ್ಕ ಮರ್ತಿ. ಇನ್ನೂ ಕಾಗದದ ಮ್ಯಾಲ ಐತಿ, ಅಳಸು. ಊರ ಎದ್ದ ಮ್ಯಾಲ ಅಳಸಾಕ ಬರೂದಿಲ್ಲ" ಎಂದು ಕಣ್ಣು ಮುಚ್ಚಿದರು. ನಾನು ನಕ್ಷೆ ಸುತ್ತಿಕೊಂಡು ತಲೆ ತಗ್ಗಿಸಿ ಬಸ್ಸು ಹತ್ತಿದೆ.

ತಿದ್ದುವುದಕ್ಕೆ ಎರಡು ವಾರ ಹಿಡಿಯಿತು. ಆ ಸಣ್ಣ ಸೈಟುಗಳ ಮನೆಗಳಿಗೆ ಹೋಗಿ ಕೇಳಿದೆ. ಸುಗ್ಗಿಯ ಕೂಲಿಗೆ ಬಂದ ಜೋಳವನ್ನು ಇಡಲು ಜಾಗವಿಲ್ಲದೆ ಅವರೂ ಮಾರಿಬಿಡುತ್ತಿದ್ದರು. ಎಲ್ಲರಿಗೂ ಸೇರಿ ಒಂದು ದೊಡ್ಡ ಕಾಳಿನ ಮನೆ ಬೇಕೆಂದರು. ಹಾಕಿದೆ. ನಕ್ಷೆ ಮುಗಿಯುವ ಮೊದಲೇ ಸರ್ ತೀರಿಕೊಂಡರು.

ಅವರ ಮಣ್ಣು ಮುಗಿಸಿಕೊಂಡು ಬಂದ ವಾರದಲ್ಲಿ ನಕ್ಷೆಯ ಸಭೆ ಇತ್ತು. ಹಿರಿಯ ಅಧಿಕಾರಿಯೊಬ್ಬರು ನಾನು ಮೊದಲು ಕೊಟ್ಟಿದ್ದ ನಕ್ಷೆ, ತಿದ್ದಿದ ನಕ್ಷೆ ಎರಡನ್ನೂ ಹತ್ತಿರ ಹತ್ತಿರ ಇಟ್ಟು, "ಈ ಕಾಳಿನ ಮನಿ ಮೊದಲಿನದ್ರಾಗ ಯಾಕ ಇಲ್ಲ? ಇದು ಯಾರ ತಪ್ಪು?" ಎಂದು ಕೇಳಿದರು. ನಕ್ಷೆಯನ್ನು ಕಂಪ್ಯೂಟರಿಗೆ ಹಾಕುವ ಹುಡುಗಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಆಕೆಯ ಹೆಸರು ಹೇಳಿದ್ದರೆ ಯಾರೂ ಮುಂದೆ ಕೇಳುತ್ತಿರಲಿಲ್ಲ. ಹೇಳುವ ಮನಸ್ಸೂ ಒಂದು ಗಳಿಗೆ ಬಂದಿತ್ತು.

"ನಂದ್ರಿ. ನಾನ ಮರ್ತಿದ್ದೆ" ಎಂದೆ.

ಹೊರಗೆ ಬಂದು, ಇದನ್ನು ಸರ್ ಅವರಿಗೆ ಹೇಳಬೇಕೆಂದು ಫೋನ್ ತೆಗೆದೆ. ಅವರ ಹೆಸರಿನ ಮೇಲೆ ಬೆರಳಿಟ್ಟ ಮೇಲೆ ನೆನಪಾಯಿತು.