ವೈನಿ ಕಾರಿನ ಎಣ್ಣೆ ಬದಲಿಸಿದ್ದು

ವೈನಿಯ ಸಾಕ್ಸಿಗೆ ಯಾವಾಗಲೂ ಎರಡನೆಯ ಬೆರಳಿನ ಹತ್ತಿರವೇ ತೂತು ಬೀಳುತ್ತಿತ್ತು. ಒಳಗಿನ ಕಾಲುಂಗುರ ಉಜ್ಜಿ ಉಜ್ಜಿ ಉಣ್ಣೆ ಸವೆದು, ಒಂದು ದಿನ ಬೆಳ್ಳಿ ಹೊರಗೆ ಇಣುಕುತ್ತಿತ್ತು. “ಸಾಕ್ಸ್ ತಗದ್ರ ಥಂಡಿ, ಉಂಗುರ ತಗದ್ರ ಇವರಿಗೆ ಸಿಟ್ಟು. ತೂತು ಇರ್ಲಿ ಬಿಡು,” ಎನ್ನುತ್ತಿದ್ದರು.

ಅವರು ಧಾರವಾಡದವರು, ನಾನು ಮೈಸೂರಿನವಳು. ಇಂಗ್ಲಿಷರ ನಾಡಿನ ಗ್ರೀನ್‌ಫರ್ಡಿನ ನಮ್ಮ ಬೀದಿಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಸಂಜೆ ಆ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ವೈನಿ ಕೆಲಸದಿಂದ ಬಂದರೆಂದು ಗೊತ್ತಾಗುತ್ತಿತ್ತು. ಮೊದಲ ಸಲ ನಾನು ಆಂಟಿ ಎಂದು ಕರೆದಾಗ, “ಇಲ್ಲೆ ಅಂಗಡ್ಯಾಗ ನಿಂತಾಕಿನೂ ಆಂಟಿ, ಬಸ್ಸಿನ್ಯಾಗ ಕುಂತಾಕಿನೂ ಆಂಟಿ. ನೀ ನನ್ನ ವೈನಿ ಅನ್ನು,” ಎಂದು ತಿದ್ದಿದರು. ವೈನಿ ಎಂದರೆ ಅತ್ತಿಗೆ. ಹಾಗೆ ಅವರ ಯಜಮಾನರು ನನಗೆ ಅಣ್ಣನಾದರು.

ಅಣ್ಣ ಮಾತು ಕಡಿಮೆಯ ಮನುಷ್ಯ. ವೈನಿ ಇಬ್ಬರ ಪಾಲಿನದನ್ನೂ ತಾವೇ ಆಡುತ್ತಿದ್ದರು, ಆಮೇಲೆ “ಇವರು ನನ್ನ ಒಂದು ಮಾತೂ ಕೇಳಂಗಿಲ್ಲ ನೋಡು” ಎಂದು ನನ್ನ ಹತ್ತಿರ ದೂರುತ್ತಿದ್ದರು. ಮಕ್ಕಳಿರಲಿಲ್ಲ. ಒಂದು ಹಳೆಯ ಜಪಾನಿ ಆಟೊಮ್ಯಾಟಿಕ್ ಕಾರು ಇತ್ತು. ಚಳಿಗಾಲ ಶುರುವಾಗುವ ಮೊದಲು ಅಣ್ಣ ಅದರ ಎಣ್ಣೆಯನ್ನು ಮನೆಯ ಮುಂದೆ ತಾವೇ ಬದಲಿಸುತ್ತಿದ್ದರು. ಗ್ಯಾರೇಜಿನವರ ಕೈಗೆ ಕೊಟ್ಟವರೇ ಅಲ್ಲ. “ಬಾಣಂತಿಗೂ ಇಷ್ಟು ಎಣ್ಣಿ ಹಚ್ಚಂಗಿಲ್ಲವಾ,” ಎಂದು ವೈನಿ ಬಾಗಿಲಲ್ಲಿ ನಿಂತು ಕಿಚಾಯಿಸುತ್ತಿದ್ದರು. ಅವರಿಗೆ ಕಾರು ಓಡಿಸಲು ಬರುತ್ತಿತ್ತು, ಬಾನೆಟ್ಟು ತೆರೆದವರಲ್ಲ.

ಒಂದು ವರ್ಷ ಎಣ್ಣೆಯ ಡಬ್ಬಿ ತಂದಿಟ್ಟ ವಾರವೇ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು, ಒಂದನ್ನು ಬಿಟ್ಟು: “ಆತು,” ಅಂದರೆ ಆಯಿತು. ಹಸಿವಾದರೂ ಆತು, ನೋವಾದರೂ ಆತು, ಬೇಡವೆನ್ನಲೂ ಆತು. ಬುದ್ಧಿ ನೆಟ್ಟಗಿದೆ, ಎಲ್ಲ ತಿಳಿಯುತ್ತದೆ, ಬಾಯಿಗೆ ಬೇರೆ ಶಬ್ದ ಬರುವುದಿಲ್ಲ ಎಂದರು ಡಾಕ್ಟರು. ಮಾತಿನ ತರಬೇತಿಗೆ ಉದ್ದನೆಯ ಸರದಿ ಇತ್ತು. ತಿಂಗಳುಗಟ್ಟಲೆ ಕಾದ ಮೇಲೆ, ಮರುವರ್ಷದ ಅಕ್ಟೋಬರಿನಲ್ಲಿ ಒಂದು ಅಪಾಯಿಂಟ್‌ಮೆಂಟ್ ಬಂತು.

ಅದರ ಹಿಂದಿನ ದಿನ ಭಾನುವಾರ. ಹೊರಗೆ ಬಂದು ನೋಡಿದರೆ ವೈನಿ ಅಣ್ಣನ ಓವರಾಲ್ ತೊಟ್ಟು, ಕಾರನ್ನು ಜಾಕಿನ ಮೇಲೆ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದ್ದರು. ಕಿಟಕಿಯ ಒಳಗೆ ಗಾಲಿಕುರ್ಚಿಯಲ್ಲಿ ಅಣ್ಣ.

“ವೈನಿ, ಇದೇನಿದು?”

“ದಿನಾ ಕಾರು ನೋಡಿ ಕಣ್ಣಾಗ ನೀರು ತರ್ತಾರ. ಎಣ್ಣಿ ಬದ್ಲಿ ಮಾಡಿದ್ರ ಸಮಾಧಾನ ಆಗ್ತದ. ವಿಡಿಯೋ ನೋಡೇನಿ. ನೀ ಟಾರ್ಚ್ ಹಿಡಿ.”

ನನಗೂ ಏನೂ ಗೊತ್ತಿರಲಿಲ್ಲ. ಟಾರ್ಚು ಹಿಡಿದೆ. ವೈನಿ ಅಂಗಾತ ಮಲಗಿ ಕೆಳಗೆ ಸರಿದರು. ತುಂಬ ಹೊತ್ತು ಏದುಸಿರು ಬಿಟ್ಟು, ಸ್ಪ್ಯಾನರ್ ಕೈಜಾರಿ ಗೆಣ್ಣು ಕೆತ್ತಿಸಿಕೊಂಡು, ಕೊನೆಗೆ ಒಂದು ಬೋಲ್ಟು ಬಿಚ್ಚಿದರು. ಎಣ್ಣೆ ತಟ್ಟೆಗೆ ಸುರಿಯಿತು. ಅದು ಕಪ್ಪಗಿರಲಿಲ್ಲ, ಕೋಕಮ್ಮಿನ ಸಾರಿನ ಹಾಗೆ ಕೆಂಪಗಿತ್ತು.

ಆಗ ಅಣ್ಣ ಎಡಗೈಯಿಂದ ಗಾಜು ಬಡಿಯತೊಡಗಿದರು. “ಆತು! ಆತು! ಆತು!”

“ಆತಂತ ನೋಡು, ಖುಷಿ ಆಗ್ಯದ,” ಎಂದು ವೈನಿ ಕೆಳಗಿನಿಂದಲೇ ಕೂಗಿದರು. “ಬಂದೆ, ಇನ್ನೊಂದೀಟು ಅದ!”

ಅಣ್ಣ ಗಾಜು ಒಡೆಯುವ ಹಾಗೆ ಬಡಿದರು. ಬಾತ್‌ರೂಮಿಗೆ ಹೋಗಬೇಕೇನೋ ಎಂದು ಒಳಗೆ ಹೋದೆ. ಅಣ್ಣ ನನ್ನ ತೋಳು ಹಿಡಿದು ಕಾರಿನ ಕಡೆ ಜಗ್ಗಿದರು. ಮುಖ ಕೆಂಪೇರಿತ್ತು. “ಆತು,” ಎಂದರು, ಬೇಡುವವರ ಹಾಗೆ. ನಾನು ನೀರು ಕೊಟ್ಟೆ. ಲೋಟವನ್ನು ತಳ್ಳಿದರು. ಹೊರಗೆ ವೈನಿ ಬೋಲ್ಟು ಬಿಗಿದು ಹೊಸ ಡಬ್ಬಿಯನ್ನು ಇಂಜಿನ್ನಿಗೆ ಸುರಿಯುತ್ತಿದ್ದರು. ಅಳತೆಯ ಕಡ್ಡಿಯಲ್ಲಿ ಎಣ್ಣೆ ಗೆರೆ ದಾಟಿ ಎಲ್ಲೋ ಮೇಲಿತ್ತು. “ಹೆಚ್ಚಾದ್ರೇನು, ಒಗ್ಗರಣ್ಯಾಗೂ ಎಣ್ಣಿ ಹೆಚ್ಚಾದ್ರ ರುಚಿನ,” ಎಂದು ನಕ್ಕರು. ಕಿಟಕಿಯಲ್ಲಿ ಅಣ್ಣ ತಲೆ ತಗ್ಗಿಸಿ ಕುಳಿತಿದ್ದರು.

ಮರುದಿನ ಬೆಳಿಗ್ಗೆ ಅಣ್ಣನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ನಾವಿಬ್ಬರೂ ಸೇರಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ವೈನಿ ಕೀಲಿ ತಿರುಗಿಸಿದರು. ಹಿಂದಿನಿಂದ ನೀಲಿ ಹೊಗೆ ಎದ್ದಿತು. ಗೇರು ಹಾಕಿ ಎಷ್ಟು ತುಳಿದರೂ ಇಂಜಿನ್ನು ಅರಚಿತೇ ಹೊರತು ಕಾರು ಒಂದು ಗೇಣೂ ಸರಿಯಲಿಲ್ಲ. ಅವರು ಬಿಚ್ಚಿದ್ದು ಇಂಜಿನ್ನಿನ ಬೋಲ್ಟಲ್ಲ, ಪಕ್ಕದಲ್ಲೇ ಇದ್ದ ಗೇರ್‌ಬಾಕ್ಸಿನದು. ಗೇರ್‌ಬಾಕ್ಸು ಬತ್ತಿತ್ತು, ಇಂಜಿನ್ನಿನಲ್ಲಿ ಹಳೆಯದರ ಮೇಲೆ ಹೊಸದು ತುಂಬಿತ್ತು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ಗೊತ್ತಿದ್ದದ್ದು ಅಣ್ಣನೊಬ್ಬರಿಗೇ.

ಗಾಲಿಕುರ್ಚಿ ಹಿಡಿಸುವ ಕ್ಯಾಬ್ ಹುಡುಕಿ, ಟ್ರಾಫಿಕ್ಕಿನಲ್ಲಿ ಸಿಕ್ಕಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಕೌಂಟರಿನ ಹುಡುಗಿ ಒಳ್ಳೆಯವಳು, ಎರಡು ಸಲ ಒಳಗೆ ಹೋಗಿ ಕೇಳಿ ಬಂದಳು. ಆಗಲಿಲ್ಲ. ಮತ್ತೆ ಸರದಿಯ ಕೊನೆಗೆ ಹೋದೆವು. ವಾಪಸು ಬರುವಾಗ ವೈನಿ ಒಂದು ಮಾತೂ ಆಡಲಿಲ್ಲ. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮನೆಯ ಮುಂದೆ ಇಳಿದ ಮೇಲೆ, “ಇವರು ಬ್ಯಾಡ ಬ್ಯಾಡ ಅಂತ ಒದರ್ಲಿಕ್ಕತ್ತಿದ್ರು. ನಾ ಖುಷಿ ಆಗ್ಯದ ಅಂದೆ,” ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾನೂ ಪಕ್ಕದಲ್ಲಿ ಕುಳಿತೆ.

ಗ್ಯಾರೇಜಿನವರನ್ನು ಕರೆಸೋಣವೆಂದರೆ ವೈನಿ ಒಪ್ಪಲಿಲ್ಲ. “ಇನ್ನ ಇವರನ್ನ ಕೇಳ್ತೇನಿ. ಹೆಂಗ ಹೇಳಂಗಿಲ್ಲ ನೋಡ್ತೇನಿ.” ಮುಂದಿನ ಶನಿವಾರ ಅವರು ಕಾರಿನ ಕೆಳಗೆ ಮಲಗಿ ಒಂದೊಂದು ಬೋಲ್ಟಿನ ಫೋಟೋ ತೆಗೆದರು. ನಾನು ಆ ಫೋನನ್ನು ಅಣ್ಣನ ಮುಂದೆ ಹಿಡಿದೆ. ತಪ್ಪಾದರೆ ಚಿಕ್ಕದಾಗಿ, ಕಡಿದ ಹಾಗೆ, “ಆತ್.” ಸರಿಯಾದರೆ ಕೊನೆಯನ್ನು ಎಳೆದು, “ಆತೂ...” ಆ ವ್ಯತ್ಯಾಸ ಮೊದಲಿನಿಂದಲೂ ಇತ್ತು. ನಮಗೆ ಕೇಳಿರಲಿಲ್ಲ, ಅಷ್ಟೆ. ಹೆಚ್ಚಿದ್ದ ಎಣ್ಣೆ ಇಳಿಸಿ, ಅಣ್ಣ ಫೋನಿನ ಮೇಲೆ ಎಡಗೈ ಬೆರಳಿಟ್ಟು ತೋರಿಸಿದ ಗೇರಿನ ಎಣ್ಣೆ ತಂದು ತುಂಬಿಸಿ, ಕತ್ತಲಾಗುವ ಮೊದಲು ವೈನಿ ಕೀಲಿ ತಿರುಗಿಸಿದರು. ಕಾರು ಮೆಲ್ಲಗೆ ಹಿಂದೆ ಸರಿಯಿತು. ಕಿಟಕಿಯೊಳಗೆ ಅಣ್ಣ ಗಟ್ಟಿಯಾಗಿ ನಗುತ್ತಿದ್ದರು, ವೈನಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅಳುತ್ತಿದ್ದರು.

ಅಲ್ಲಿಂದ ಮುಂದೆ ವೈನಿ ಬದಲಾದರು. ಮಾತಿನ ನಡುವೆ ನಿಂತು ಕಾಯುವುದನ್ನು ಕಲಿತರು. ಅಣ್ಣನ ಒಂದು ಶಬ್ದದಲ್ಲಿ ಚಹಾ ಯಾವುದು, ಬೆನ್ನುನೋವು ಯಾವುದು, ಟಿವಿ ಆರಿಸು ಎನ್ನುವುದು ಯಾವುದು, ಎಲ್ಲ ಅವರಿಗೆ ತಿಳಿಯತೊಡಗಿತು. ತಮ್ಮ ಹೊಟ್ಟೆನೋವನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ. ಜಿಪಿ ಡಾಕ್ಟರ ಹತ್ತಿರ ಹೋಗಿ ಎಂದರೆ, “ಇವರನ್ನ ಯಾರು ನೋಡ್ಕೋಬೇಕು?” ಎನ್ನುತ್ತಿದ್ದರು. ಹೋಗುವಷ್ಟರಲ್ಲಿ ಕ್ಯಾನ್ಸರು ಪಿತ್ತಕೋಶ ದಾಟಿತ್ತು.

ಕೊನೆಯ ವಾರಗಳಲ್ಲಿ ಅವರು ನನ್ನನ್ನು ಅಣ್ಣನ ಎದುರು ಕೂರಿಸಿಕೊಂಡು ಪಾಠ ಮಾಡಿದರು.

“ಈಗೇನಂದ್ರು ಹೇಳು?”

“ಚಳಿ?”

“ಅಲ್ಲವಾ. ಇನ್ನೊಮ್ಮೆ ಕೇಳು. ಕಿವಿ ಅಲ್ಲೆ ಇಡು, ಗಡಬಡ ಮಾಡಬ್ಯಾಡ. ನೀ ಕಲೀಲಿಲ್ಲಂದ್ರ ಇವರು ಯಾರ ಕೂಡ ಮಾತಾಡಬೇಕು?”

ಬೇಸಿಗೆಯಲ್ಲಿ ವೈನಿ ಹೋಗಿಬಿಟ್ಟರು. ನಗರಾಡಳಿತದ ಕೌನ್ಸಿಲಿನವರು ಅಣ್ಣನನ್ನು ಊರಿನ ಇನ್ನೊಂದು ತುದಿಯ ಇಲ್ಫರ್ಡಿನ ಕೇರ್ ಹೋಮಿನಲ್ಲಿ ಇರಿಸಿದ್ದಾರೆ. ಹತ್ತಿರದಲ್ಲಿ ಜಾಗ ಸಿಗಲಿಲ್ಲ. ಭಾನುವಾರ ಎರಡು ರೈಲು ಬದಲಿಸಿ ಹೋಗುತ್ತೇನೆ. ನೋಡಿಕೊಳ್ಳುವ ಹುಡುಗಿಗೆ ಕನ್ನಡದ ಆ ಒಂದು ಶಬ್ದವನ್ನು ನಾನು ಬಿಡಿಸಿ ಹೇಳುತ್ತೇನೆ: ಇದು ದಿಂಬು ಸರಿಮಾಡು ಎಂದು, ಇದು ಸಾಕು ಎಂದು. ಅವಳು ಶ್ರದ್ಧೆಯಿಂದ ಕಲಿಯುತ್ತಿದ್ದಾಳೆ. ವೈನಿ ನನಗೆ ಕೊಟ್ಟು ಹೋದದ್ದನ್ನೇ ಅವಳಿಗೆ ದಾಟಿಸುತ್ತಿದ್ದೇನೆ.

ಒಂದನ್ನು ಮಾತ್ರ ಕಲಿಸಿಲ್ಲ. ನಾನು ಒಳಗೆ ಬಂದ ಕೂಡಲೇ ಅಣ್ಣ ನನ್ನ ಹಿಂದೆ ಬಾಗಿಲ ಕಡೆ ನೋಡಿ, ದನಿ ಮೇಲೆತ್ತಿ, ಒಂದು ಸಲ ಕೇಳುತ್ತಾರೆ. ಅದು ವೈನಿ ಎಲ್ಲಿ ಎಂದು ಕೇಳುವ ದನಿ. “ಏನಂತೆ?” ಎಂದು ಆ ಹುಡುಗಿ ಇಂಗ್ಲಿಷಿನಲ್ಲಿ ಕೇಳುತ್ತಾಳೆ.

“ಚಹಾ ಬೇಕಂತೆ,” ಎನ್ನುತ್ತೇನೆ. ಅವಳು ತರಲು ಹೋಗುತ್ತಾಳೆ. ಅಣ್ಣ ಇನ್ನೂ ನನ್ನ ಮುಖವನ್ನೇ ನೋಡುತ್ತಿರುತ್ತಾರೆ.