ಒಂದಿನ ನಮ್ಮಮ್ಮ ಆಗ್ತೀರಾ ಅಂದ ಕ್ಲಾಸ್‌ಮೇಟ್

ನಾನು ಬಾಗಿಲಲ್ಲಿ ಕಾಲಿಟ್ಟಿದ್ದೇ ತಡ, ಇಡೀ ಕ್ಲಾಸು ಎದ್ದು ನಿಂತು "ಗುಡ್ ಮಾರ್ನಿಂಗ್ ಮ್ಯಾಮ್" ಅಂತು.

ಗಾಬರೀಲಿ ನಾನೂ "ಕೂತ್ಕೊಳ್ರಿ" ಅಂದುಬಿಟ್ಟೆ. ಕೂತರು. ಆಮೇಲೆ ನಾನು ಹೋಗಿ ಲಾಸ್ಟ್ ಬೆಂಚಲ್ಲಿ ಕೂತಾಗ ಎದ್ದ ನಗು ಇದೆಯಲ್ಲಾ...

ಹೋದ ವರ್ಷದ ಮಾತಿದು. ನನಗಾಗ ಮೂವತ್ತೆಂಟು. ಊರು ತೊಗರ್ಸಿ. ಮನೇಲಿ ಕುರಿ ಇದಾವೆ, ಒಂದಿಷ್ಟು ಮೆಕ್ಕೆಜೋಳದ ಹೊಲ ಇದೆ. ಪಿಯುಸಿ ಆದ್ಮೇಲೆ ಮದುವೆ ಆಗಿ ಓದು ಅಲ್ಲಿಗೇ ನಿಂತಿತ್ತು.

ಒಂಬತ್ತನೇ ಕ್ಲಾಸಿನ ಮಗಳು ಮೊಬೈಲಲ್ಲೇ ಅರ್ಜಿ ತುಂಬಿ, "ಅವ್ವಾ, ಸೀಟ್ ಸಿಕ್ತು, ಇನ್ಮೇಲೆ ನಿಂದೂ ಹೋಮ್‌ವರ್ಕ್ ನಾನೇ ನೋಡ್ತೀನಿ" ಅಂದಳು. ಹಂಗೆ ಶಿಕಾರಿಪುರಕ್ಕೆ ಬಿ.ಎ. ಫಸ್ಟ್ ಇಯರ್‌ಗೆ ಬಂದೋಳು ನಾನು.

ಪಾಠ ಹೆಂಗೋ ತಲೆಗೆ ಹೋಗ್ತಿತ್ತು. ಕಷ್ಟ ಆಗಿದ್ದು ಊಟದ ಹೊತ್ತು.

ನಾನು ಹತ್ರ ಹೋದ್ರೆ ಹುಡುಗೀರ ಮಾತು ನಿಂತುಹೋಗ್ತಿತ್ತು. "ಬನ್ನಿ ಆಂಟಿ, ಕೂತ್ಕೊಳ್ಳಿ" ಅಂತ ಜಾಗ ಬಿಟ್ಟು ಎದ್ದೇ ಹೋಗೋರು. ಪಾಪ, ಅವರ ಲೆಕ್ಕದಲ್ಲಿ ಅದು ಮರ್ಯಾದೆ. ಒಂದೂವರೆ ತಿಂಗಳು ಒಬ್ಬಳೇ ರೊಟ್ಟಿ ತಿಂದೆ. ಸಾಕು, ಬಿಟ್ಟುಬಿಡ್ತೀನಿ ಅಂತ ಗಂಡನ ಹತ್ರ ಹೇಳಿಯೂ ಆಗಿತ್ತು.

ಅಂಥ ಒಂದು ಮಧ್ಯಾಹ್ನ ಸಿಂಚನಾ ಬಂದು ಪಕ್ಕದಲ್ಲಿ ಕೂತಳು. ನನ್ನದೇ ಕ್ಲಾಸು. ಸೊರಬದ ಕಡೆ ಹುಡುಗಿ, ಕ್ಯಾಸನೂರಿನ ಹತ್ರದೋಳು, ಇಲ್ಲಿ ಹಾಸ್ಟೆಲಲ್ಲಿದ್ದಳು.

"ಒಂದು ಹೆಲ್ಪ್ ಬೇಕಿತ್ತು. ನಾಳೆ ಒಂದಿನ ನಮ್ಮಮ್ಮ ಆಗ್ತೀರಾ?"

ಇಂಗ್ಲಿಷ್ ಕ್ಲಾಸಿಗೆ ಅವಳು ಮೂರು ವಾರದಿಂದ ಬಂದಿರ್ಲಿಲ್ಲ. ಪ್ರಿನ್ಸಿಪಾಲ್ರು ಮನೆಯವರನ್ನ ಕರ್ಕೊಂಡು ಬಾ ಅಂದಿದ್ರು. ಅಮ್ಮನಿಗೆ ಗೊತ್ತಾದ್ರೆ ಕಾಲೇಜೇ ಬಿಡಿಸ್ತಾರೆ ಅನ್ನೋ ಭಯ ಅವಳಿಗೆ.

ಆಗಲ್ಲ ಅನ್ನಬೇಕಿತ್ತು. ಆದ್ರೆ ನಿಜ ಹೇಳ್ತೀನಿ, ಅಷ್ಟು ದಿನದಲ್ಲಿ ತಾನಾಗೇ ನನ್ನ ಪಕ್ಕ ಬಂದು ಕೂತೋಳು ಅವಳೊಬ್ಬಳೇ. ಹೂಂ ಅಂದುಬಿಟ್ಟೆ.

ಮಾರನೇ ದಿನ ಮೆಟ್ಟಿಲ ಹತ್ರ ರಿಹರ್ಸಲ್. "'ಹೌದ್ರೀ, ಇಲ್ರೀ' ಅನ್ಬೇಡಿ ಮಾರಾಯ್ರೆ, ನಮ್ಮ ಕಡೆಯವ್ರಲ್ಲ ಅಂತ ಗೊತ್ತಾಗತ್ತೆ. 'ಎಂತ ಮಾಡದು ಸಾರ್' ಅನ್ನಿ, ಸಾಕು."

ನಾನು "ಎಂತ ಮಾಡದು, ಎಂತ ಮಾಡದು" ಅಂತ ಉರು ಹೊಡೀತಾ ಮೆಟ್ಟಿಲು ಹತ್ತಿದೆ. ಇಬ್ಬರಿಗೂ ನಗು ತಡೆಯೋಕಾಗ್ತಿಲ್ಲ.

ಒಳಗೆ ಪ್ರಿನ್ಸಿಪಾಲ್ರು ಕುರ್ಚಿ ತೋರಿಸಿ, "ಅಷ್ಟು ದೂರದಿಂದ ಬಂದಿದೀರಮ್ಮ, ನೀರು ಕುಡೀರಿ. ಮಗಳು ಕ್ಲಾಸ್ ತಪ್ಪಿಸ್ತಿರೋದು ನಿಮಗೆ ಗೊತ್ತಾ?" ಅಂತ ಮೆತ್ತಗೆ ಕೇಳಿದ್ರು. ಗದರಿದ್ರೆ ಸುಳ್ಳು ಹೇಳಿಬಿಡ್ತಿದ್ದೆನೋ ಏನೋ.

ನನ್ನ ಮಗಳು ಹಿಂಗೆ ಯಾರನ್ನೋ ನನ್ನ ಜಾಗದಲ್ಲಿ ಕೂರಿಸಿದ್ರೆ? ಆ ಯೋಚನೆ ಬಂದಿದ್ದೇ ನೀರಿನ ಲೋಟ ಕೆಳಗಿಟ್ಟೆ.

"ನಾನು ಇವಳ ತಾಯಿ ಅಲ್ರೀ ಸರ್. ಕ್ಲಾಸ್‌ಮೇಟು."

ಪ್ರಿನ್ಸಿಪಾಲ್ರು ಕನ್ನಡಕ ತೆಗೆದು ನೋಡಿದ್ರು. ನಾನು ಪರ್ಸಿಂದ ಐಡಿ ಕಾರ್ಡ್ ತೆಗೆದು ಟೇಬಲ್ ಮೇಲಿಟ್ಟೆ. ಸಿಂಚನಾ ಅಳೋಕೆ ಶುರು ಮಾಡಿದಳು.

ಅಳ್ತಾನೇ ಎಲ್ಲ ಹೊರಗೆ ಬಂತು. ಒಂದಿನ ಕ್ಲಾಸಲ್ಲಿ ಎದ್ದು ನಿಂತು ಇಂಗ್ಲಿಷ್ ಪಾಠ ಓದೋವಾಗ ತಡವರಿಸಿದ್ದಳು, ಎಲ್ರೂ ನಕ್ಕಿದ್ರು. ಅವತ್ತಿಂದ ಆ ಪೀರಿಯಡ್ ಬಂತಂದ್ರೆ ಅವಳು ಹಾಸ್ಟೆಲಲ್ಲಿ.

ನನಗೂ ಆಗ ನೆನಪಾಯ್ತು. ಅವತ್ತು ನಾನೂ ನಕ್ಕಿದ್ದೆ... ನಕ್ಕರೆ ಅವರೆಲ್ಲರ ಜೊತೆ ಸೇರ್ಕೊಂಡಂಗೆ ಆಗತ್ತೆ ಅಂತ.

ಪ್ರಿನ್ಸಿಪಾಲ್ರು ಇಬ್ಬರಿಗೂ ಬೈದ್ರು, ಸರಿಯಾಗೇ ಬೈದ್ರು. ಆಮೇಲೆ ಸಿಂಚನಾಗೆ, "ಈಗ ಇಲ್ಲೇ ನಿಮ್ಮಮ್ಮನಿಗೆ ಫೋನ್ ಮಾಡು, ನೀನೇ ಹೇಳು" ಅಂದ್ರು.

ಸ್ಪೀಕರ್ ಆನ್. ಅವರಮ್ಮ ಎಲ್ಲ ಕೇಳಿಸ್ಕೊಂಡ್ರು.

"ಬರದಿಲ್ಲ ಅಂತ್ಲೇ ಅಲ್ದನೇ ಕಲಿಯಕ್ಕೆ ಕಳ್ಸಿದ್ದು? ಬರ್ತಿದ್ರೆ ಎಂತಕ್ಕೆ ಕಳಿಸ್ತಿದ್ದೆ? ಸುಮ್ನೆ ಹೋಗಿ ಕ್ಲಾಸಲ್ಲಿ ಕೂತ್ಕ."

ಕಾಲೇಜು ಬಿಡಿಸೋ ಮಾತೇ ಬರಲಿಲ್ಲ. ಕೊನೆಗೆ ನನ್ನ ಹತ್ರವೂ ಮಾತಾಡಿದ್ರು. ವಯಸ್ಸು ಕೇಳಿದ್ರೆ ಅವರು ನನಗಿಂತ ಒಂದು ವರ್ಷ ಚಿಕ್ಕೋರು! "ನಂಗೂ ಅಲ್ಲೊಂದು ಸೀಟ್ ನೋಡಿ ಅಕ್ಕಾ" ಅಂತ ನಕ್ಕರು. ಪ್ರಿನ್ಸಿಪಾಲ್ರಿಗೂ ನಗು ಬಂತು.

ಹೊರಗೆ ಬಂದ ಮೇಲೆ, ಅವತ್ತು ನಾನೂ ನಕ್ಕಿದ್ದೆ, ಸಾರಿ ಅಂದೆ.

"ಗೊತ್ತು. ನೋಡಿದ್ದೆ" ಅಂದಳು. ಅಷ್ಟೇ.

ಅವತ್ತಿಂದ ಊಟ ಆದ್ಮೇಲೆ ಇಬ್ಬರೂ ಇಂಗ್ಲಿಷ್ ಪುಸ್ತಕ ಜೋರಾಗಿ ಓದೋಕೆ ಶುರು ಮಾಡಿದ್ವಿ. ನನ್ನ ಓದು ಅವಳದ್ದಕ್ಕಿಂತ ಕೆಟ್ಟದಾಗಿತ್ತು, ಅದನ್ನ ಕೇಳಿ ಅವಳಿಗೆ ಬಹಳ ಧೈರ್ಯ ಬಂತು.

ನಮ್ಮ ಗಲಾಟೆ ನೋಡಿ ಇನ್ನೂ ಮೂರು ಜನ ಬಂದು ಸೇರಿದ್ರು. ಅವರಿಗೂ ಬರ್ತಿರ್ಲಿಲ್ಲ ಅಂತ ಆಗ ಗೊತ್ತಾಯ್ತು! ಈಗ ನನ್ನ ಡಬ್ಬಿಯಲ್ಲಿ ನನಗೇ ರೊಟ್ಟಿ ಉಳಿಯಲ್ಲ. ಹೋದ ತಿಂಗಳು ಐದೂ ಜನ ಬಳ್ಳಿಗಾವಿಗೆ ಹೋಗಿದ್ವಿ. ದೇವಸ್ಥಾನ ನೋಡಿದ್ದಕ್ಕಿಂತ ಸೆಲ್ಫಿ ತಗೊಂಡಿದ್ದೇ ಜಾಸ್ತಿ.

ಮೊನ್ನೆ ಬಸ್ ಲೇಟಾಗಿ ಓಡೋಡಿ ಬರ್ತಿದ್ದೀನಿ. ಗ್ರೌಂಡಿನ ಆ ತುದಿಯಿಂದ ಸಿಂಚನಾ ಕೂಗ್ತಾಳೆ, "ಏ ರೇಣುಕಾ... ಬೇಗ ಬಾರೇ!"

ಕೂಗಿದ ಮೇಲೆ ಅವಳೇ ನಾಲಿಗೆ ಕಚ್ಕೊಂಡಳು.

ಊರಲ್ಲಿ ನಾನು ಇಂಥವರ ಹೆಂಡ್ತಿ, ಇಂಥವಳ ಅವ್ವ. ಹೆಸರು ಹಿಡಿದು ಹಿಂಗೆ ಯಾರಾದ್ರೂ ಕೂಗಿ ಇಪ್ಪತ್ತು ವರ್ಷದ ಮೇಲಾಗಿತ್ತು.

"ಬಂದೆ ತಡಿಯೇ!" ಅಂತ ನಾನೂ ಕೂಗಿದೆ.

ನಿಮ್ಮನ್ನ ಹಿಂಗೆ 'ಬಾರೇ', 'ಬಾರೋ' ಅಂತ ಕೂಗೋ ಫ್ರೆಂಡು ಈಗ ಒಬ್ಬರಾದ್ರೂ ಇದ್ದಾರಾ?